ಅಪ್ಪನ ಸೈಕಲ್ಲು, ಹಲ್ಲಿನ ಲೆಕ್ಕ

(ಸಿರುಮುಗೈ ಬಳಿಯ ಸಂಜೆ ಕಲಿಕಾ ಕೇಂದ್ರದಲ್ಲಿ ಸಂಯೋಜಕಿ ಆಡಿದ ಮಾತು. ಕೇಳಿದವರು ಓದಿಕೊಳ್ಳಲು ಬೇಕು ಎಂದದ್ದರಿಂದ ಇಲ್ಲಿ ಬರೆದುಕೊಟ್ಟಿದೆ.)



ಹೋದ ವಾರ ಇದೇ ಜಾಗದಲ್ಲಿ, ಚೌಡೇಶ್ವರಿ ಗುಡಿಯ ಮುಂದಿನ ಈ ಜಗಲಿಯ ಮೇಲೆ, ನಾನು ಭಾಗಾಕಾರ ಹೇಳಿಕೊಡ್ತಾ ಇದ್ದೆ. ಹಿಂದೆ ಕೂತಿದ್ದ ಒಬ್ಬ ಅಕ್ಕ ಸ್ಲೇಟು ಕೆಳಗಿಟ್ಟರು. "ಟೀಚರಮ್ಮ, ಕೂಡೋದು ಬೇಕು, ಕಳೆಯೋದು ಬೇಕು. ಕೂಲಿ ಲೆಕ್ಕಕ್ಕೆ ಬೇಕು. ಈ ಭಾಗಾಕಾರ ಯಾಕೆ? ಇದರಿಂದ ಏನು ಸೀರೆ ನೇಯೋಕಾಗುತ್ತಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಉತ್ತರ ಹೇಳಲಿಲ್ಲ.

ಇವತ್ತು ಹೇಳ್ತೀನಿ. ಅದಕ್ಕೇ ನಮ್ಮಪ್ಪನ ಸೈಕಲ್ಲನ್ನು ತಂದು ಇಲ್ಲಿ ನಿಲ್ಲಿಸಿದ್ದೀನಿ. ನೋಡಿ, ಇದು ಹಳೇ ಸೈಕಲ್ಲು. ಆದರೆ ಹಿಂದಿನ ಚಕ್ರದ ಎಡಗಡೆ ಒಂದು ಮೋಟಾರು ಇದೆ. ಕ್ಯಾರಿಯರ್ ಕೆಳಗೆ ಪೆಟ್ಟಿಗೆಯಲ್ಲಿ ಎರಡು ಬ್ಯಾಟರಿ ಇವೆ. ಇದನ್ನು ಅಂಗಡಿಯಲ್ಲಿ ಕೊಂಡದ್ದಲ್ಲ. ನನ್ನ ತಮ್ಮ ಮಾಡಿದ್ದು. ಒಂದೇ ಸಲಕ್ಕೆ ಆಗಲಿಲ್ಲ. ಮೂರು ಸಲ ಮಾಡಿದ. ಎರಡು ಸಲ ಕೆಟ್ಟಿತು. ಎರಡನೇ ಸಲ ಅಪ್ಪನ ಕಾಲಿಗೆ ಪೆಟ್ಟೂ ಆಯಿತು. ಅದೆಲ್ಲ ಹೇಳ್ತೀನಿ.

ನಮ್ಮಪ್ಪ ನಿಮ್ಮ ಹಾಗೇ ಕೈಮಗ್ಗದ ನೇಕಾರ. ಗುಂಡಿ ಮಗ್ಗದಲ್ಲಿ ಕೂತು ನಲವತ್ತು ವರ್ಷಕ್ಕೂ ಮೇಲೆ ನೇಯ್ದವರು. ತುಳಿದು ತುಳಿದು ಬಲಗಾಲಿನ ಮಂಡಿ ಸವೆದುಹೋಯಿತು. ಮಗ್ಗದಲ್ಲಿ ಹೇಗೋ ಕೂರ್ತಾರೆ. ಆದರೆ ಸೈಕಲ್ ತುಳಿಯೋಕೆ ಆಗದ ಹಾಗಾಯಿತು. ಸೀರೆ ಕೊಟ್ಟು ನೂಲು ತರುವ ಜಾಗ ನಮ್ಮ ಮನೆಯಿಂದ 6 ಕಿಲೋಮೀಟರು. ದಾರಿಯಲ್ಲಿ ಒಂದು ಏರು ಇದೆ. ಬಸ್ಸು ಬೆಳಿಗ್ಗೆ ಒಂದು, ಸಾಯಂಕಾಲ ಒಂದು.

ಒಂದು ವರ್ಷ ಅಪ್ಪ ಬೇರೆಯವರ ಕೈಯಲ್ಲಿ ಸೀರೆ ಕಳಿಸಿದರು. ಆಗ ಏನಾಗ್ತಿತ್ತು ಗೊತ್ತಾ? ಸೀರೆಯಲ್ಲಿ ತಪ್ಪು ಇದೆ ಅಂತ ಕೂಲಿ ಹಿಡೀತಿದ್ದರು. ಯಾವ ತಪ್ಪು, ಎಲ್ಲಿ ತಪ್ಪು? ತಂದುಕೊಟ್ಟವರಿಗೆ ಗೊತ್ತಿಲ್ಲ. ಅಪ್ಪನಿಗೆ ಎದುರು ನಿಂತು "ತೋರಿಸಿ" ಅನ್ನೋಕೆ ಆಗ್ತಿರಲಿಲ್ಲ. ದುಡ್ಡಿಗಿಂತ ಅದೇ ಅವರಿಗೆ ದೊಡ್ಡ ನೋವು. "ನನ್ನ ಸೀರೆ ಹತ್ತಿರ ನಾನು ಇರಬೇಕು" ಅಂತಿದ್ದರು.

ಒಂದು ಮೊಪೆಡ್ ತಗೊಳ್ಳಿ ಅಂತ ನೀವು ಕೇಳಬಹುದು. ನಾವೂ ಅದನ್ನೇ ಕೇಳಿದೆವು. ನಮ್ಮ ಕಡೆ ಮೊಪೆಡ್ ಇಲ್ಲದ ಬೀದಿ ಇಲ್ಲ. 1972ರಲ್ಲಿ ಪುಣೆಯಿಂದ ಲೂನಾ ಬಂತು. 1980ರಲ್ಲಿ ಹೊಸೂರಿನಿಂದ ಟಿ.ವಿ.ಎಸ್. 50 ಬಂತು. ಅದರಲ್ಲಿ ಇಬ್ಬರು ಕೂತು ಹೋಗಬಹುದಿತ್ತು. ಹಾಲಿನವರು, ಎಳನೀರಿನವರು, ನೂಲಿನವರು ಎಲ್ಲರೂ ಅದನ್ನೇ ಹಿಡಿದರು. ಆದರೆ ಅಪ್ಪ ಒಪ್ಪಲಿಲ್ಲ. ದುಡ್ಡು ಒಂದು ಕಾರಣ. ಇನ್ನೊಂದು ಕಾರಣವನ್ನು ಅವರು ಬಹಳ ದಿನ ಹೇಳಲಿಲ್ಲ. ಕೊನೆಗೆ ಒಂದು ರಾತ್ರಿ ಹೇಳಿದರು. "ಲೈಸೆನ್ಸ್ ಬೇಕು ಮಗಳೇ. ಅಲ್ಲಿ ಪರೀಕ್ಷೆಗೆ ಕೂರಿಸ್ತಾರೆ. ಓದಿ ಉತ್ತರ ಕೊಡಬೇಕು. ನನಗೆ ಹೆಬ್ಬೆಟ್ಟು ಒತ್ತೋದು ಮಾತ್ರ ಗೊತ್ತು."

ನಾನು ಊರೂರು ತಿರುಗಿ ಅಕ್ಷರ ಕಲಿಸ್ತೀನಿ. ನನ್ನ ಮನೆಯಲ್ಲೇ ಹೀಗೆ. ಅವತ್ತು ನನಗೆ ಊಟ ಸೇರಲಿಲ್ಲ.

ನನ್ನ ತಮ್ಮ ಐ.ಟಿ.ಐ. ಓದಿದವನು. ಕೊಯಮತ್ತೂರಿನ ಗಣಪತಿಯಲ್ಲಿ ಒಂದು ಲೇತ್ ಪಟ್ಟರೆಯಲ್ಲಿ ಕೆಲಸ. "ಅಪ್ಪನ ಸೈಕಲ್ಲಿಗೇ ಮೋಟಾರು ಹಾಕ್ತೀನಿ" ಅಂದ. ನಾನು ಬಿ.ಎ. ಓದಿದವಳು. ರಾಜರ ಹೆಸರು ಗೊತ್ತು, ಮೋಟಾರು ಗೊತ್ತಿಲ್ಲ. ಆದರೂ ಹೂಂ ಅಂದೆ. ಕೊಯಮತ್ತೂರಿನ ಗಾಳಿಯೇ ಹಾಗೆ. ಇಲ್ಲಿ ಪಂಪ್ ಮಾಡ್ತಾರೆ, ಮೋಟಾರು ಮಾಡ್ತಾರೆ, ಹಿಟ್ಟು ರುಬ್ಬುವ ಗ್ರೈಂಡರ್ ಮಾಡ್ತಾರೆ. ಜಿ.ಡಿ. ನಾಯ್ಡು ಅವರ ಹೆಸರು ಕೇಳಿದ್ದೀರಿ. 1893ರಲ್ಲಿ ಕೊಯಮತ್ತೂರಿನ ಹತ್ತಿರದ ಕಲಂಗಲ್ ಹಳ್ಳಿಯಲ್ಲಿ ಹುಟ್ಟಿದವರು. ಶಾಲೆ ಅವರಿಗೆ ಹತ್ತಲಿಲ್ಲ. ಒಬ್ಬ ಬ್ರಿಟಿಷ್ ಅಧಿಕಾರಿಯ ಮೋಟಾರ್ ಸೈಕಲ್ ಕಂಡು ಮರುಳಾದರು. ಹೋಟೆಲಿನಲ್ಲಿ ಕೆಲಸಮಾಡಿ ದುಡ್ಡು ಕೂಡಿಸಿ ಅಂಥದ್ದೇ ಒಂದನ್ನು ಕೊಂಡರು. ಅದನ್ನು ಬಿಚ್ಚಿ, ಮತ್ತೆ ಜೋಡಿಸಿ ಕಲಿತರು. 1920ರಲ್ಲಿ ಪೊಳ್ಳಾಚಿಗೂ ಪಳನಿಗೂ ನಡುವೆ ಬಸ್ಸು ಓಡಿಸಿದರು. ಮುಂದೆ ದೊಡ್ಡ ಕೈಗಾರಿಕೆಯವರಾದರು. ಅವರ ಕಥೆ ಹೇಳಿಯೇ ತಮ್ಮ ನಮ್ಮವ್ವನ ಹತ್ತಿರ ದುಡ್ಡು ಗಿಟ್ಟಿಸಿದ!

ಈಗ ಲೆಕ್ಕಕ್ಕೆ ಬರೋಣ.

ತಮ್ಮ ಉಕ್ಕಡದ ಹಳೇ ಸಾಮಾನಿನ ಅಂಗಡಿಯಿಂದ ಒಂದು ಮೋಟಾರು ತಂದ. ಅದರ ಮೇಲೆ ಒಂದು ಸಣ್ಣ ತಗಡು ಇತ್ತು. ಅದರಲ್ಲಿ ಮೂರು ಅಂಕಿ. 24 ವೋಲ್ಟ್. 250 ವಾಟ್. 3000 ಆರ್.ಪಿ.ಎಂ. ಕೊನೆಯದನ್ನು ಗಮನಿಸಿ. 3000 ಅಂದರೆ ಆ ಮೋಟಾರು ಒಂದು ನಿಮಿಷಕ್ಕೆ 3000 ಸುತ್ತು ತಿರುಗುತ್ತೆ.

ಇನ್ನು ಸೈಕಲ್ಲಿನ ಚಕ್ರ. ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಹಾಕಿ. ಗೆರೆ ನೆಲಕ್ಕೆ ತಾಗಿದ ಕಡೆ ನೆಲದ ಮೇಲೂ ಒಂದು ಗೆರೆ. ಸೈಕಲ್ಲನ್ನು ಮುಂದೆ ತಳ್ಳಿ. ಟೈರಿನ ಗೆರೆ ಮತ್ತೆ ನೆಲಕ್ಕೆ ಬಂದಾಗ ಇನ್ನೊಂದು ಗೆರೆ. ನಡುವಿನ ದೂರ ಅಳೆಯಿರಿ. ನಾವು ಅಳೆದಾಗ ಬಂದದ್ದು 2.2 ಮೀಟರು. ಅಂದರೆ ಚಕ್ರ ಒಂದು ಸುತ್ತು ತಿರುಗಿದರೆ ಸೈಕಲ್ಲು 2.2 ಮೀಟರು ಹೋಗುತ್ತೆ.

ಮೋಟಾರನ್ನು ನೇರವಾಗಿ ಚಕ್ರಕ್ಕೆ ಕಟ್ಟಿದರೆ? ಚಕ್ರವೂ ನಿಮಿಷಕ್ಕೆ 3000 ಸುತ್ತಬೇಕು. 3000 ಸಾರಿ 2.2 ಮೀಟರು. 6600 ಮೀಟರು ಆಯಿತು. ಅದು ಒಂದು ನಿಮಿಷಕ್ಕೆ. ಒಂದು ಗಂಟೆಗೆ 60ರಿಂದ ಗುಣಿಸಿ. 396 ಕಿಲೋಮೀಟರು! ಅಪ್ಪ ನೂಲಿಗೆ ಹೋಗಬೇಕಾ, ವಿಮಾನದಲ್ಲಿ ಹೋಗಬೇಕಾ? ಹಾಗೆ ಆಗೋದೂ ಇಲ್ಲ ಬಿಡಿ. ಆ ಸಣ್ಣ ಮೋಟಾರಿಗೆ ಅಷ್ಟು ಬಲ ಇಲ್ಲ. ಸ್ವಿಚ್ ಒತ್ತಿದರೆ ಗುಂಯ್ ಅಂತ ಶಬ್ದ ಮಾಡಿ, ಬಿಸಿಯಾಗಿ, ಸುಟ್ಟುಹೋಗುತ್ತೆ.

ಹಾಗಾದರೆ ಏನು ಮಾಡಬೇಕು? ವೇಗ ಇಳಿಸಬೇಕು, ಬಲ ಏರಿಸಬೇಕು. ಇದು ನಿಮಗೆ ಹೊಸದಲ್ಲ. ನಿಮ್ಮ ಮನೆಯ ರಾಟೆಯನ್ನು ನೆನೆಸಿಕೊಳ್ಳಿ. ದೊಡ್ಡ ಚಕ್ರವನ್ನು ಅಕ್ಕ ಕೈಯಲ್ಲಿ ಮೆಲ್ಲಗೆ ತಿರುಗಿಸ್ತಾರೆ. ಹುರಿಯ ಆ ಕಡೆ ಸಣ್ಣ ಕದಿರು ಗಿರಗಿರ ತಿರುಗುತ್ತೆ. ಕಂಡಿಕೆ ತುಂಬುತ್ತೆ. ಚಕ್ರ ಒಂದು ಸುತ್ತು, ಕದಿರು ಹತ್ತಾರು ಸುತ್ತು. ಆದರೆ ತಿರುಗುವ ಕದಿರನ್ನು ಎರಡು ಬೆರಳಲ್ಲಿ ಹಿಡಿದು ನಿಲ್ಲಿಸಬಹುದು. ಯಾಕೆ? ಅಲ್ಲಿ ವೇಗ ಹೆಚ್ಚಾಗಿದೆ, ಬಲ ಕಡಿಮೆಯಾಗಿದೆ. ವೇಗ ಬೇಕಾದರೆ ಬಲ ಕೊಡಬೇಕು. ಬಲ ಬೇಕಾದರೆ ವೇಗ ಕೊಡಬೇಕು. ಎರಡೂ ಒಟ್ಟಿಗೆ ಸಿಗೋದಿಲ್ಲ.

ಮೋಟಾರ್ ಸೈಕಲ್ಲಿನಲ್ಲಿ ರಾಟೆಯನ್ನು ತಿರುಗಾಮುರುಗಾ ಇಟ್ಟ ಹಾಗೆ. ಸಣ್ಣದು ತಿರುಗಿಸುತ್ತೆ, ದೊಡ್ಡದು ತಿರುಗುತ್ತೆ. ಸಣ್ಣದು ಹತ್ತು ಸುತ್ತು, ದೊಡ್ಡದು ಒಂದು ಸುತ್ತು. ವೇಗ ಹತ್ತರಲ್ಲಿ ಒಂದು ಭಾಗ, ಬಲ ಸುಮಾರು ಹತ್ತು ಪಟ್ಟು. ಸೋಮನೂರು, ಪಲ್ಲಡದ ಕಡೆ ಪವರ್‌ಲೂಮಿಗೆ ಹೋದವರು ಇಲ್ಲಿದ್ದೀರಿ. ಆ ಮಗ್ಗದ ಪಕ್ಕದಲ್ಲಿ ಒಂದಕ್ಕೊಂದು ಕಚ್ಚಿದ ಎರಡು ಹಲ್ಲಿನ ಚಕ್ರ ನೋಡಿದ್ದೀರಲ್ಲ? ಮೇಲಿನ ಶಾಫ್ಟಿನದು ಚಿಕ್ಕದು, ಕೆಳಗಿನದು ದೊಡ್ಡದು. ದೊಡ್ಡದರ ಹಲ್ಲು ಚಿಕ್ಕದರ ಎರಡರಷ್ಟು. ಮೇಲಿನದು ಎರಡು ಸುತ್ತಿದರೆ ಕೆಳಗಿನದು ಒಂದು ಸುತ್ತು. ಅಷ್ಟರಲ್ಲಿ ಲಾಳಿ ಒಂದು ಸಲ ಹೋಗಿ, ಒಂದು ಸಲ ಬಂದಿರುತ್ತೆ. ಅಲ್ಲೂ ಭಾಗಾಕಾರವೇ ಅಕ್ಕ. ಸೀರೆ ನೇಯೋಕೂ ಆಗುತ್ತೆ!

ತಮ್ಮನ ಮೊದಲ ಪ್ರಯತ್ನಕ್ಕೆ ಬರ್ತೀನಿ. ಅವನು ಚೈನೇ ಹಾಕಲಿಲ್ಲ. ಮೋಟಾರಿನ ತುದಿಗೆ ಒಂದು ಸಣ್ಣ ಉರುಳೆ ಹಾಕಿದ. 4 ಸೆಂಟಿಮೀಟರು ದಪ್ಪ. ಅದನ್ನು ಸ್ಪ್ರಿಂಗಿನಿಂದ ಹಿಂದಿನ ಟೈರಿಗೆ ಒತ್ತಿ ಕೂರಿಸಿದ. ಉರುಳೆ ತಿರುಗಿದರೆ ಟೈರು ತಿರುಗುತ್ತೆ. ಉರುಳೆಯ ಸುತ್ತಳತೆ ಸುಮಾರು 12 ಮುಕ್ಕಾಲು ಅಲ್ಲ, ಹನ್ನೆರಡೂವರೆ ಸೆಂಟಿಮೀಟರು. ನಿಮಿಷಕ್ಕೆ 3000 ಸಾರಿ ಹನ್ನೆರಡೂವರೆ ಅಂದರೆ 375 ಮೀಟರು. ಗಂಟೆಗೆ 22 ಕಿಲೋಮೀಟರು ಚಿಲ್ಲರೆ. ನೋಡಿ, ಎಷ್ಟು ಸುಲಭವಾಗಿ ಲೆಕ್ಕ ಕೂತಿತು. ಫ್ರಾನ್ಸ್ ದೇಶದಲ್ಲಿ 1946ರಿಂದ ಸೊಲೆಕ್ಸ್ ಅನ್ನೋ ಗಾಡಿ ಹೀಗೇ ಓಡಿತು. ಅದರಲ್ಲಿ ಎಂಜಿನ್ನು ಮುಂದಿನ ಚಕ್ರದ ಮೇಲೆ. ಲಕ್ಷಗಟ್ಟಲೆ ಜನ ಓಡಿಸಿದರು.

ಅಪ್ಪನಿಗೆ ಖುಷಿಯೋ ಖುಷಿ. ಎರಡು ತಿಂಗಳು ಚೆನ್ನಾಗಿ ಓಡಿತು. ಆಮೇಲೆ ಹಿಂಗಾರು ಮಳೆ ಬಂತು. ಟೈರು ನೆನೆಯಿತು. ಉರುಳೆ ಜಾರಿತು. ಮೋಟಾರು ಕೂಗುತ್ತೆ, ಸೈಕಲ್ಲು ನಿಂತೇ ಇರುತ್ತೆ. ಜಾರಬಾರದು ಅಂತ ತಮ್ಮ ಸ್ಪ್ರಿಂಗನ್ನು ಇನ್ನೂ ಬಿಗಿ ಮಾಡಿದ. ಆಗ ಉರುಳೆ ಟೈರನ್ನು ಅರದ ಹಾಗೆ ತಿಂದಿತು. ಒಂದು ದಿನ ನೂಲಿನ ಚೀಲ ಹೇರಿಕೊಂಡು ಬರುವಾಗ ಟೈರು ಡಬ್ ಅಂತ ಒಡೆಯಿತು. ಅಪ್ಪ 4 ಕಿಲೋಮೀಟರು ಮಳೆಯಲ್ಲಿ ಸೈಕಲ್ ತಳ್ಳಿಕೊಂಡು ಬಂದರು, ಕುಂಟುತ್ತಾ. ನೂಲು ನೆನೆಯಬಾರದು ಅಂತ ತಮ್ಮ ಮೈಮೇಲಿನ ಅಂಗಿ ಬಿಚ್ಚಿ ಚೀಲಕ್ಕೆ ಹೊದಿಸಿದ್ದರು.

ಮಳೆ ಇಲ್ಲದ ಕಡೆ, ಹಗುರ ಭಾರಕ್ಕೆ ಉರುಳೆ ಆಗಬಹುದು. ನಮಗೆ ಆಗಲಿಲ್ಲ.

ಎರಡನೇ ಸಲ ತಮ್ಮ ಬೇರೆ ಮೋಟಾರು ತಂದ. ಅದೂ 250 ವಾಟ್. ಆದರೆ ಅದರ ಹೊಟ್ಟೆಯಲ್ಲೇ ಹಲ್ಲಿನ ಚಕ್ರಗಳು ಇವೆ. ಒಳಗೆ 3000 ಸುತ್ತು, ಹೊರಗೆ ಬರುವಾಗ ಸುಮಾರು 300. ಹತ್ತರಲ್ಲಿ ಒಂದು. ಹೊರಗಿನ ತುದಿಯಲ್ಲಿ 9 ಹಲ್ಲಿನ ಪುಟ್ಟ ಚಕ್ರ. ಅದಕ್ಕೆ ಸೈಕಲ್ ಚೈನ್ ಕೂರುತ್ತೆ. ಹಿಂದಿನ ಚಕ್ರದ ಹಲ್ಲು 18. 9 ಹಲ್ಲಿನದು 18 ಹಲ್ಲಿನದನ್ನು ತಿರುಗಿಸಿದರೆ ವೇಗ ಅರ್ಧ. 300ರ ಅರ್ಧ 150. 150 ಸಾರಿ 2.2 ಮೀಟರು, 330 ಮೀಟರು. ಗಂಟೆಗೆ ಸುಮಾರು 20 ಕಿಲೋಮೀಟರು. ಲೆಕ್ಕ ಸರಿ. ತಪ್ಪಾದದ್ದು ಲೆಕ್ಕದಲ್ಲಿ ಅಲ್ಲ.

ಸೈಕಲ್ಲಿನ ಬಲಗಡೆ ಹಿಂದೆ ಒಂದು ಫ್ರೀವೀಲ್ ಇರುತ್ತೆ. ಪೆಡಲ್ ತುಳಿದರೆ ಚಕ್ರ ತಿರುಗುತ್ತೆ. ತುಳಿಯೋದು ನಿಲ್ಲಿಸಿದರೂ ಚಕ್ರ ಓಡುತ್ತೆ, ಕಟಕಟ ಅನ್ನುತ್ತೆ. ಆ ಕಟಕಟವೇ ಫ್ರೀವೀಲಿನ ಗುಟ್ಟು. ತಮ್ಮ ಸುಲಭದ ದಾರಿ ಹಿಡಿದ. ಆ ಒಂದೇ ಫ್ರೀವೀಲಿನ ಮೇಲೆ ಎರಡು ಹಲ್ಲಿನ ತಟ್ಟೆ ಕೂರಿಸಿದ. ಒಂದಕ್ಕೆ ಪೆಡಲಿನ ಚೈನು, ಇನ್ನೊಂದಕ್ಕೆ ಮೋಟಾರಿನ ಚೈನು. ಎರಡು ತಟ್ಟೆಯೂ ಒಂದೇ ಮೈ. ಒಂದು ತಿರುಗಿದರೆ ಇನ್ನೊಂದೂ ತಿರುಗಲೇಬೇಕು. ಹಾಗಾದರೆ ಮೋಟಾರು ಓಡಿದಾಗ ಏನಾಗುತ್ತೆ? ಪೆಡಲೂ ತಾನೇ ತಿರುಗುತ್ತೆ! ಮುಂದಿನ ಚೈನ್‌ವೀಲಿನಲ್ಲಿ 44 ಹಲ್ಲು. 150ನ್ನು 18ರಿಂದ ಗುಣಿಸಿ 44ರಿಂದ ಭಾಗಿಸಿ. 61 ಬರುತ್ತೆ. ಅಂದರೆ ಪೆಡಲ್ಲು ಸೆಕೆಂಡಿಗೆ ಒಂದು ಸುತ್ತು, ಕಾಲು ಇರಲಿ ಇಲ್ಲದಿರಲಿ.

ತಮ್ಮನಿಗೆ ಇದು ಮೊದಲ ದಿನವೇ ಕಂಡಿತ್ತು. "ಅಪ್ಪ ಕಾಲು ಸುಮ್ಮನೆ ಪೆಡಲ್ ಮೇಲೆ ಇಟ್ಟುಕೊಳ್ಳಲಿ, ಅದೇ ತಿರುಗಿಸುತ್ತೆ, ಮಂಡಿಗೆ ವ್ಯಾಯಾಮ" ಅಂದ. ನಾವೂ ನಕ್ಕು ಸುಮ್ಮನಾದೆವು. ಅದು ನಮ್ಮೆಲ್ಲರ ತಪ್ಪು.

ಮೂರನೇ ವಾರ ಅಪ್ಪ ಒಂದು ಮೋರಿಯ ಹತ್ತಿರ ನಿಂತಿದ್ದರು. ಎದುರಿಂದ ಲಾರಿ ಬರ್ತಿತ್ತು. ಎರಡು ಕಾಲೂ ನೆಲದ ಮೇಲೆ. ಹ್ಯಾಂಡಲ್ ತಿರುಗಿಸುವಾಗ ಕೈ ಆಕ್ಸಿಲೇಟರಿಗೆ ತಾಗಿತು. ಮೋಟಾರು ಎದ್ದಿತು. ಪೆಡಲ್ಲು ತಿರುಗಿ ಬಲಗಾಲಿನ ಮುಂಗಾಲಿನ ಎಲುಬಿಗೆ ಬಡಿಯಿತು. ಅದೇ ನೋವಿನ ಕಾಲು. 7 ಹೊಲಿಗೆ ಹಾಕಿದರು. ಮೂರು ವಾರ ಮಗ್ಗ ನಿಂತಿತು. ಅವ್ವ ಸೈಕಲ್ಲನ್ನು ಗುಜರಿಗೆ ಹಾಕು ಅಂದಳು. ತಮ್ಮ ಒಂದು ಮೂಲೆ ಹಿಡಿದು ಕೂತ. ಯಾರ ಹತ್ತಿರವೂ ಮಾತಿಲ್ಲ.

ಮಾತಾಡಿದವರು ಅಪ್ಪ. ಹಾಸಿಗೆ ಮೇಲೆ ಕೂತು ಬೇಸರ ಬಂದಿತ್ತು. "ಆ ಚಕ್ರಗಳನ್ನು ಇಲ್ಲಿ ತಾ" ಅಂದರು. ಬಿಚ್ಚಿದ ಚಕ್ರಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ, ಅಲ್ಲಿಂದ ಎಣಿಸಿದರು. ಬಾಯಲ್ಲಿ ಎಣಿಸೋದು ಅವರಿಗೆ ಚೆನ್ನಾಗಿ ಬರುತ್ತೆ. ಹಾಸಿನ ಎಳೆ ಎಣಿಸಿದ ಬಾಯಿ ಅದು. ಬರೆಯೋದು ಬರ್ತಿರಲಿಲ್ಲ. ನಾನು ಸ್ಲೇಟಿನ ಮೇಲೆ 9 ಬರೆದೆ, 18 ಬರೆದೆ, 44 ಬರೆದೆ. "ಇದು ಯಾಕೆ ಹೀಗೆ ತಿರುಗುತ್ತೆ, ಅದು ಯಾಕೆ ಹಾಗೆ?" ಅಂತ ಅವರು ಕೇಳ್ತಾ ಹೋದರು. ಮೂರು ವಾರದಲ್ಲಿ ಅಪ್ಪ ಅಂಕಿ ಬರೆದರು. ಗುಣಾಕಾರ ಮಾಡಿದರು. ಭಾಗಾಕಾರದಲ್ಲಿ ನನ್ನನ್ನೇ ಒಂದೆರಡು ಸಲ ತಿದ್ದಿದರು!

ಮೂರನೇ ಸಲದ ಕೆಲಸವನ್ನು ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಇಲ್ಲಿ ಸೈಕಲ್ ಶಾಪಿನ ಅಣ್ಣ ಒಬ್ಬರು ಇದ್ದಾರೆ, ತಪ್ಪಿದ್ದರೆ ತಿದ್ದಲಿ.

ಪೆಡಲಿಗೆ ಒಂದು ಫ್ರೀವೀಲ್, ಮೋಟಾರಿಗೆ ಇನ್ನೊಂದು ಫ್ರೀವೀಲ್ ಬೇಕು. ಬಲಗಡೆ ಪೆಡಲಿನದು ಇದ್ದ ಹಾಗೇ ಇರಲಿ. ಮೋಟಾರಿನದು ಎಡಗಡೆ. ಆಗ ಮೋಟಾರು ಓಡಿದರೆ ಪೆಡಲ್ ಸುಮ್ಮನಿರುತ್ತೆ. ಪೆಡಲ್ ತುಳಿದರೆ ಮೋಟಾರು ಸುಮ್ಮನಿರುತ್ತೆ. ಬ್ಯಾಟರಿ ಮುಗಿದರೂ ಭಾರವಿಲ್ಲದೆ ತುಳಿದುಕೊಂಡು ಬರಬಹುದು. ಆದರೆ ಬಲಗಡೆಯ ಫ್ರೀವೀಲನ್ನೇ ತಂದು ಎಡಗಡೆ ಹಾಕೋಕೆ ಆಗೋದಿಲ್ಲ. ಎಡಗಡೆ ತಿರುಗಿಸಿ ಹಾಕಿದರೆ ಅದು ಹಿಡಿಯಬೇಕಾದ ಕಡೆ ಬಿಡುತ್ತೆ. ಅದರ ಥ್ರೆಡ್ಡೂ ಬಿಚ್ಚಿಕೊಳ್ಳುತ್ತೆ. ಥ್ರೆಡ್ ಅಂದರೆ ತಿರುಪಿನ ಸುತ್ತು, ಇಲ್ಲಿಯವರು ಮರೈ ಅಂತಾರೆ. ಸೈಕಲ್ಲಿನ ಎಡ ಪೆಡಲ್ಲನ್ನು ಬಿಚ್ಚಿದವರಿಗೆ ಗೊತ್ತು. ಅದರ ಮರೈ ಉಲ್ಟಾ ಇರುತ್ತೆ. ಅದೇ ರೀತಿ ಎಡಗಡೆಗೆ ಅಂತಲೇ ಉಲ್ಟಾ ಮರೈ ಇರುವ ಫ್ರೀವೀಲ್ ಸಿಗುತ್ತೆ. ಕೇಳಿ ತಗೋಬೇಕು. ಅದನ್ನು ಹಬ್ಬಿಗೆ ಹಿಡಿಸೋಕೆ ತಮ್ಮ ಲೇತಿನಲ್ಲಿ ಒಂದು ಉಕ್ಕಿನ ಬಳೆ ಕಡೆದ.

ಕಡ್ಡಿಗೆ, ಅಂದರೆ ಸ್ಪೋಕಿಗೆ, ಹಲ್ಲಿನ ತಟ್ಟೆಯನ್ನು ಕಟ್ಟಿ ಓಡಿಸುವವರೂ ಇದ್ದಾರೆ. ನಡುವೆ ರಬ್ಬರು ಇಟ್ಟು ಬೋಲ್ಟ್ ಹಾಕ್ತಾರೆ. ಬೋಲ್ಟ್ ಸಡಿಲವಾದರೆ ಕಡ್ಡಿಗಳು ಒಂದೊಂದಾಗಿ ಮುರೀತವೆ. ವಾರವಾರ ನೋಡಿಕೊಳ್ಳುವವರಿಗೆ ಮಾತ್ರ ಅದು ಸರಿ. ನನ್ನ ಮಾತು ಕೇಳೋದಾದರೆ ಬೇಡ.

ಎರಡು ಹಲ್ಲಿನ ಚಕ್ರ ಒಂದೇ ಗೆರೆಯಲ್ಲಿ ಇರಬೇಕು. ಓರೆಯಾದರೆ ಚೈನು ಕಳಚುತ್ತೆ. ಓಡುವಾಗ ಕಳಚಿದ ಚೈನು ಚಕ್ರಕ್ಕೆ ಸಿಕ್ಕಿದರೆ ಮನುಷ್ಯ ಬೀಳ್ತಾನೆ. ಇದನ್ನು ನೋಡೋಕೆ ಅಪ್ಪ ಉಪಕರಣ ಕೇಳಲಿಲ್ಲ. ಒಂದು ರೇಷ್ಮೆ ಎಳೆ ಎಳೆದು ಹಿಡಿದರು. ಎಳೆ ಎರಡೂ ಚಕ್ರದ ಮೈಗೆ ಸಮವಾಗಿ ತಾಗಬೇಕು. "ಅರ್ಧ ನೂಲು ಆಚೆ ಇದೆ" ಅಂದರು. ತಮ್ಮ ತೆಳು ವಾಷರ್ ಹಾಕಿ ಸರಿಮಾಡಿದ. ಚೈನು ಬಹಳ ಬಿಗಿಯೂ ಬೇಡ, ಸಡಿಲವೂ ಬೇಡ. ನಡುವೆ ಬೆರಳಿಟ್ಟು ಎತ್ತಿದರೆ ಸುಮಾರು ಅರ್ಧ ಇಂಚು ಆಡಬೇಕು.

ಮೊದಲು ಓಡಿಸಿದ ದಿನ ಒಂದು ತಮಾಷೆ ಆಯಿತು. ಸ್ವಿಚ್ ಒತ್ತಿದರೆ ಮೋಟಾರು ತಿರುಗುತ್ತೆ, ಕಟಕಟ ಶಬ್ದ ಬರುತ್ತೆ, ಗಾಡಿ ಕದಲೋದಿಲ್ಲ. ಮೋಟಾರಿನ ಎರಡು ತಂತಿ ಅದಲುಬದಲಾಗಿತ್ತು. ಅದು ಹಿಂದಕ್ಕೆ ತಿರುಗ್ತಿತ್ತು. ಬದಲಿಸಿದ ಕೂಡಲೇ ಸರಿಹೋಯಿತು. ಆದರೆ ಬ್ಯಾಟರಿಯ ತಂತಿ ಹೀಗೆ ಅದಲುಬದಲಾದರೆ ತಮಾಷೆ ಅಲ್ಲ. ಕಂಟ್ರೋಲರ್ ಸುಟ್ಟುಹೋಗುತ್ತೆ. ಬ್ಯಾಟರಿ ಮೇಲೆ + ಮತ್ತು − ಗುರುತು ಇರುತ್ತೆ. ಕೆಂಪು ತಂತಿ + ಗುರುತಿಗೆ, ಕಪ್ಪು ತಂತಿ − ಗುರುತಿಗೆ. ಕೂಡೋ ಲೆಕ್ಕದಲ್ಲಿ, ಕಳೆಯೋ ಲೆಕ್ಕದಲ್ಲಿ ಬರೆದ ಗುರುತುಗಳೇ ಇವು.

ಈಗ ಏರಿನ ಮಾತು. 18 ಹಲ್ಲು ಹಾಕಿದಾಗ ಸಮ ನೆಲದಲ್ಲಿ 20 ಕಿಲೋಮೀಟರು ಓಡಿತು. ಏರಿನಲ್ಲಿ, ನೂಲಿನ ಚೀಲ ಇದ್ದಾಗ, ಮೋಟಾರು ಮುಕ್ಕಿತು. ಮುಟ್ಟಿದರೆ ಕೈ ಸುಡುತ್ತೆ. ತಮ್ಮ ಇನ್ನೂ ದೊಡ್ಡ ಮೋಟಾರು ಹಾಕ್ತೀನಿ ಅಂದ. ಅಪ್ಪ ಸ್ಲೇಟು ತಗೊಂಡರು. "ಹಿಂದೆ 24 ಹಲ್ಲು ಹಾಕಿದರೆ?" ಅಂದರು. 300ನ್ನು 9ರಿಂದ ಗುಣಿಸಿದರು, 2700. ಅದನ್ನು 24ರಿಂದ ಭಾಗಿಸಿದರು. ನೂರ ಹನ್ನೆರಡೂವರೆ. ಗಂಟೆಗೆ ಸುಮಾರು 15 ಕಿಲೋಮೀಟರು. ವೇಗ ನಾಲ್ಕರಲ್ಲಿ ಒಂದು ಪಾಲು ಇಳಿಯಿತು. ಎಳೆಯುವ ಬಲ ಮೂರರಲ್ಲಿ ಒಂದು ಪಾಲು ಏರಿತು. "ನನಗೆ ವೇಗ ಯಾಕಪ್ಪ? ಏರು ಹತ್ತಿದರೆ ಸಾಕು" ಅಂದರು. ತಮ್ಮ 24 ಹಲ್ಲಿನ ತಟ್ಟೆ ಮಾಡಿಸಿ ಎಡಗಡೆ ಫ್ರೀವೀಲಿಗೆ ಬೋಲ್ಟ್ ಹಾಕಿದ. ಮೋಟಾರಿಗೆ ಉಸಿರು ಬಂತು. ಏರಿನಲ್ಲಿ ಅಪ್ಪ ಎಡಗಾಲಿನಿಂದ ಸ್ವಲ್ಪ ತುಳೀತಾರೆ, ಮಿಕ್ಕಿದ್ದು ಮೋಟಾರು ನೋಡಿಕೊಳ್ಳುತ್ತೆ.

ಬ್ಯಾಟರಿ ಎರಡು. ಒಂದೊಂದು 12 ವೋಲ್ಟ್, 12 ಆಂಪಿಯರ್-ಗಂಟೆ. ಒಂದರ ಹಿಂದೆ ಒಂದು ಜೋಡಿಸಿದರೆ 24 ವೋಲ್ಟ್. 24 ಸಾರಿ 12 ಅಂದರೆ 288. ಮೋಟಾರು ಪೂರ್ತಿ ಎಳೆದರೆ 250. ಕಾಗದದ ಮೇಲೆ ಒಂದು ಗಂಟೆ ಚಿಲ್ಲರೆ ಬರಬೇಕು. ನಿಜವಾಗಿ ಅಷ್ಟು ಬರೋದಿಲ್ಲ. ಸೀಸದ ಬ್ಯಾಟರಿ ಜೋರಾಗಿ ಎಳೆದಷ್ಟೂ ಕಡಿಮೆ ಕೊಡುತ್ತೆ. 18 ಹಲ್ಲಿದ್ದಾಗ ಸುಮಾರು 40 ನಿಮಿಷ ಬಂತು. ಹೋಗಿ ಬರೋಕೆ 12 ಕಿಲೋಮೀಟರು, ಮನೆ ಮುಟ್ಟೋದೇ ಕಷ್ಟ. 24 ಹಲ್ಲಿಗೆ ಬಂದ ಮೇಲೆ ಹೋಗಿ ಬಂದರೂ ಸ್ವಲ್ಪ ಉಳಿದಿರುತ್ತೆ. ಚಾರ್ಜ್ ಮಾಡುವಾಗ ಮಲಗುವ ಕೋಣೆಯಲ್ಲಿ, ಒಲೆಯ ಹತ್ತಿರ ಇಡಬೇಡಿ. ಈ ಬ್ಯಾಟರಿಯಿಂದ ಉರಿಯುವ ಗಾಳಿ ಬರುತ್ತೆ. ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸ್ ಇರಲಿ.

ಬ್ರೇಕಿನ ಬಗ್ಗೆ ನಾನು ಗಟ್ಟಿಯಾಗಿ ಹೇಳ್ತೀನಿ. ಹಳೇ ಸೈಕಲ್ಲಿನ ಕಂಬಿ ಬ್ರೇಕು ತುಳಿಯುವ ವೇಗಕ್ಕೆ ಮಾಡಿದ್ದು. ಮಳೆಯಲ್ಲಿ ಅದು ಅರ್ಧ ಹಿಡಿಯುತ್ತೆ. ಮೋಟಾರು ಹಾಕುವ ಮೊದಲು ಹೊಸ ಬ್ರೇಕ್ ಕಟ್ಟೆ ಹಾಕಿ. ಬ್ರೇಕ್ ಹಿಡಿದ ಕೂಡಲೇ ಮೋಟಾರು ನಿಲ್ಲುವ ಸ್ವಿಚ್ ಹಾಕಿ. ಅದು ಅಪ್ಪನ ಸೈಕಲ್ಲಿಗೆ ಮೊದಲೇ ಇದ್ದಿದ್ದರೆ ಆ ಹೊಲಿಗೆ ಬೀಳ್ತಿರಲಿಲ್ಲ. ಅಕ್ಕಂದಿರೇ, ಹಿಂದೆ ಕೂರುವವರ ಸೀರೆಯ ಸೆರಗು ಎಡಗಡೆ ಚೈನಿಗೆ ಸಿಕ್ಕಬಾರದು. ಅದಕ್ಕೇ ನೋಡಿ, ಈ ತಗಡಿನ ಮುಚ್ಚಳ. ಅವ್ವ ಹೇಳಿ ಹಾಕಿಸಿದ್ದು.

ಕಾನೂನು ಏನು ಹೇಳುತ್ತೆ? ಇದನ್ನು ಕೇಳದೆ ಯಾರೂ ಮಾಡಬೇಡಿ. ಬ್ಯಾಟರಿಯಿಂದ ಓಡುವ ಗಾಡಿಯ ಮೋಟಾರು 250 ವಾಟಿಗಿಂತ ಕಡಿಮೆ ಇರಬೇಕು, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರಬೇಕು, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರಬಾರದು. ಅಂಥದ್ದನ್ನು ಮೋಟಾರು ವಾಹನ ಅಂತ ಎಣಿಸೋದಿಲ್ಲ. ಲೈಸೆನ್ಸ್, ನಂಬರ್ ಬೇಡ. "250ಕ್ಕಿಂತ ಕಡಿಮೆ" ಅಂತ ಬರೆದಿದೆ, 250 ಅಂತ ಅಲ್ಲ. ಇದನ್ನು ಓದಿದ ಮೇಲೆ ತಮ್ಮ ಕಂಟ್ರೋಲರಿನಲ್ಲಿ ಕರೆಂಟು ಇಳಿಸಿದ. ಇನ್ನೊಂದು ಮಾತು. ಕಾರ್ಖಾನೆಯ ಗಾಡಿಗೆ ಪರೀಕ್ಷೆ ಮಾಡಿದ ಸರ್ಟಿಫಿಕೇಟು ಇರುತ್ತೆ. ಮನೆಯಲ್ಲಿ ಮಾಡಿದ್ದಕ್ಕೆ ಅದು ಇಲ್ಲ. ಆದ್ದರಿಂದ ರಸ್ತೆಗೆ ಇಳಿಸುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ಕೇಳಿಕೊಳ್ಳಿ. ಪೆಟ್ರೋಲ್ ಎಂಜಿನ್ನಿಗೆ ಗೆರೆ 25 ಸಿ.ಸಿ. ಹಳೇ ಮೊಪೆಡ್ಡಿನ 50 ಸಿ.ಸಿ. ಎಂಜಿನ್ನನ್ನು ಸೈಕಲ್ಲಿಗೆ ಕಟ್ಟುವ ಹುಡುಗರಿದ್ದಾರೆ. ಅದು ಪೂರ್ತಿ ಮೋಟಾರು ವಾಹನ. ನಂಬರ್ ಇಲ್ಲ, ಇನ್ಶೂರೆನ್ಸ್ ಇಲ್ಲ. ಯಾರಿಗಾದರೂ ತಾಗಿದರೆ ಮನೆ ಮಾರಬೇಕಾಗುತ್ತೆ.

ಅಪ್ಪ ಈಗ ವಾರಕ್ಕೆ ಒಂದು ಸಲ ತಾವೇ ಸೀರೆ ತಗೊಂಡು ಹೋಗ್ತಾರೆ. ಹೋದ ತಿಂಗಳು ಅಲ್ಲಿ ತಪ್ಪು ಇದೆ ಅಂತ ಕೂಲಿ ಹಿಡಿಯೋಕೆ ನೋಡಿದರು. ಅಪ್ಪ ಸೀರೆ ಬಿಡಿಸಿ, ಬೆಳಕಿಗೆ ಹಿಡಿದು, ತೋರಿಸಿ ಅಂದರು. ಒಂದು ಕಡೆ ಎಳೆ ಬಿಟ್ಟಿತ್ತು, ನಿಜ. ಅದಕ್ಕೆ ಒಪ್ಪಿದರು. ಎರಡನೆಯದಕ್ಕೆ ಒಪ್ಪಲಿಲ್ಲ. ಚೀಟಿಯಲ್ಲಿ ಬರೆದ ಅಂಕಿಯನ್ನೂ ತಾವೇ ಓದಿದರು. ಹಿಡಿದ ಕೂಲಿಯಲ್ಲಿ ಅರ್ಧ ವಾಪಸ್ ಬಂತು.

ಸರಿ, ಮಾತು ಸಾಕು. ಈಗ ನಿಮ್ಮ ಕೆಲಸ. ಅಲ್ಲಿ ಗುಡಿಯ ಗೋಡೆಗೆ ನಾಲ್ಕು ಸೈಕಲ್ಲು ಒರಗಿವೆ. ಒಂದೊಂದರ ಮುಂದಿನ ಹಲ್ಲು ಎಣಿಸಿ, ಹಿಂದಿನ ಹಲ್ಲು ಎಣಿಸಿ, ಸ್ಲೇಟಿನಲ್ಲಿ ಬರೆಯಿರಿ. ಮುಂದಿನದನ್ನು ಹಿಂದಿನದರಿಂದ ಭಾಗಿಸಿ. ಯಾರ ಸೈಕಲ್ಲು ತುಳಿಯೋಕೆ ಹಗುರ ಅಂತ ನಾನು ನೋಡದೆ ಹೇಳ್ತೀನಿ. ಅಕ್ಕ, ಮೊದಲು ನೀವು ಬನ್ನಿ. ಇಗೋ ಸೀಮೆಸುಣ್ಣ. ಎಣಿಸೋಕೆ ಶುರುಮಾಡಿದ ಹಲ್ಲಿಗೆ ಗುರುತು ಹಾಕೋದು ಮರೀಬೇಡಿ.